ಮುಖವಿಲ್ಲದ ಕೊಠಡಿ

ಕಂತು ಒಂಬತ್ತು

ಹೆಡ್‌ಸೆಟ್ ಕಿತ್ತೆಸೆದು ಸಹನಾ ಬಚ್ಚಲಿಗೆ ಓಡಿದಳು. ಪ್ಲಾಸ್ಟರ್ ಹಾಕಿದ ಬಲಗೈ ಬಾಗಿಲಿಗೆ ಬಡಿಯಿತು. ನೋವಿಗೆ ಕಿರುಚಲೂ ಪುರುಸೊತ್ತು ಸಿಗದೆ ವಾಂತಿ ಮಾಡಿಕೊಂಡಳು.

ನಾನು ಹಿಂದೆ ನಿಂತು ಅವಳ ಬೆನ್ನು ಸವರಿದೆ. ವಿಶಾಖಪಟ್ಟಣದ ಗಾಜುವಾಕ ಬಡಾವಣೆಯ ಆ ಬಾಡಿಗೆ ಮನೆಯ ಬಚ್ಚಲಲ್ಲಿ ಇಬ್ಬರು ನಿಲ್ಲಲು ಜಾಗವಿಲ್ಲ. ಕೆಳಗೆ ರಸ್ತೆಯಲ್ಲಿ ಬೆಳಗಿನ ಆಟೋಗಳು ಆಗಲೇ ಜಗಳ ಶುರುಮಾಡಿದ್ದವು.

"ಇನ್ನೊಮ್ಮೆ ಆ ಡಬ್ಬಿ ನನ್ನ ಮಾರಿ ಮುಂದ ತರಬ್ಯಾಡ್ರಿ ಅಕ್ಕಾರ," ಎಂದಳು ಸಹನಾ, ಬಾಯಿ ತೊಳೆಯುತ್ತ. ಹುಬ್ಬಳ್ಳಿಯ ಹುಡುಗಿ. "ಹಾಕ್ಕೊಂಡ ಕೂಡ್ಲೆ ತಲಿ ಗರಗರ ತಿರಗತೈತಿ. ಮೊದಲಿಂದ ಹಿಂಗ."

"ಮೊದಲಿಂದ ಅಂದ್ರೆ?"

"ಮೊದಲಿಂದ ಅಂದ್ರ ಮೊದಲಿಂದ್ರಿ."

ನನಗೆ ತಲೆಯೊಳಗೆ ಏನೋ ಸರಕ್ಕನೆ ತಿರುಗಿತು. ಆದರೆ ಅದನ್ನು ಹೇಳುವ ಮೊದಲು, ಈ ಕಥೆಗೆ ಹೊಸದಾಗಿ ಬಂದವರಿಗೆ ಒಂದೆರಡು ಮಾತು.

ನಾನು ಅನಸೂಯಾ. ತುಮಕೂರಿನವಳು. ಬ್ಯಾಂಕಿನ ಕಾನೂನು ಅಧಿಕಾರಿಯಾಗಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದೆ, ಸ್ವಯಂ ನಿವೃತ್ತಿ ತೆಗೆದುಕೊಂಡೆ, ಇಲ್ಲೇ ಉಳಿದೆ. ಈಗ ಊರವರ ಗುಟ್ಟು ಕೆದಕುವುದೇ ಕೆಲಸ. ಸಹನಾ ನನ್ನ ಮೇಲಿನ ಮನೆಯಲ್ಲಿರುತ್ತಾಳೆ, ತೀರಜ ಫಾರ್ಮುಲೇಷನ್ಸ್ ಎಂಬ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಟ್ಯಾಂಕಿಗೆ ಇಳಿದ ನಟರಾಜ ಎಂಬ ಗುತ್ತಿಗೆ ಕಾರ್ಮಿಕ ಉಸಿರುಗಟ್ಟಿ ಸತ್ತ. ವಿಚಾರಣೆಗೆಂದು ಕಂಪನಿ ಒಂದು ‘ಮುಖವಿಲ್ಲದ ಕೊಠಡಿ’ ತೆರೆಯಿತು. ಹೆಡ್‌ಸೆಟ್ ಹಾಕಿಕೊಂಡರೆ ಕಾರ್ಖಾನೆಯೇ ಕಣ್ಣೆದುರು ಬರುತ್ತದೆ. ನೀವು ಅದರೊಳಗೆ ಮುಖವಿಲ್ಲದ ಬೂದು ಗೊಂಬೆ, ದನಿಯೂ ಬೇರೆ. ಕಂಡದ್ದನ್ನು ಹೆದರದೆ ತೋರಿಸಿ ಎಂದರು.

ಒಂದು ಗೊಂಬೆ ತೋರಿಸಿತು. ಗಾಳಿ ಕಡಿಮೆಯಾದರೆ ಕೂಗಬೇಕಾದ ಅಲಾರಂನ ಬಾಯಿಯನ್ನು ಕಾರ್ಖಾನೆಯ ಮುಖ್ಯಸ್ಥ ಸತ್ಯಮೂರ್ತಿ ತನ್ನ ಕೈಯಾರೆ ಹೇಗೆ ಮುಚ್ಚಿದ ಎಂದು, ನಿಂತ ಜಾಗ ಸಮೇತ ತೋರಿಸಿತು. ಅದೇ ವಾರ ಸಹನಾಳ ಕೆಲಸ ಹೋಯಿತು. ಮರುದಿನ ಸ್ಟೀಲ್ ಪ್ಲಾಂಟ್ ರಸ್ತೆಯಲ್ಲಿ ಇಬ್ಬರು ಬೈಕಿನವರು ಅವಳನ್ನು ಒದ್ದು ಬೀಳಿಸಿದರು. ಕೈ ಎರಡು ಕಡೆ ಮುರಿಯಿತು.

ಗೊಂಬೆಗೆ ಮುಖವಿಲ್ಲ, ದನಿಯೂ ತನ್ನದಲ್ಲ. ಹೆಸರು ಎಲ್ಲಿಂದ ಬಂತು?

ಕೈಯಿಂದ ಬಂತು ಎಂದು ನನಗೆ ಕಳೆದ ವಾರ ತಿಳಿದಿತ್ತು. ಒಬ್ಬೊಬ್ಬರು ಕತ್ತು ತಿರುಗಿಸುವ, ಕೈ ಚಾಚುವ ರೀತಿ ಒಂದೊಂದು. ಹೆಡ್‌ಸೆಟ್ಟು ಅದನ್ನೆಲ್ಲ ಬರೆದುಕೊಳ್ಳುತ್ತದೆ. ಕೆಲಸಕ್ಕೆ ಸೇರಿದಾಗಲೇ ಕಾರ್ಖಾನೆಯವರು ಎಲ್ಲರಿಗೂ ಇದೇ ಹೆಡ್‌ಸೆಟ್ಟಿನಲ್ಲಿ ಸುರಕ್ಷತಾ ತರಬೇತಿ ಕೊಟ್ಟಿದ್ದರು. ಆ ತರಬೇತಿಯ ಕೈಯನ್ನೂ ಗೊಂಬೆಯ ಕೈಯನ್ನೂ ಯಾರೋ ಪಕ್ಕಪಕ್ಕ ಇಟ್ಟು ನೋಡಿದ್ದರು. ಅದನ್ನು ಪರೀಕ್ಷಿಸೋಣ ಎಂದೇ ಗೇಮ್ ಆಡಿಸುವ ಅಂಗಡಿಯಿಂದ ಹೆಡ್‌ಸೆಟ್ ಕಾಡಿ ಬೇಡಿ ತಂದಿದ್ದೆ.

"ಸಹನಾ, ತರಬೇತಿ ಪಾಸಾಗದೆ ಗೇಟಿನ ಒಳಗೆ ಬಿಡಲ್ಲ ಅಲ್ವಾ?"

"ಹೌದ್ರಿ."

"ಒಂದು ನಿಮಿಷ ಹಾಕ್ಕೊಳ್ಳೋಕೆ ಆಗದವಳು ಅಷ್ಟು ಪಾಠ ಹೇಗೆ ಮುಗಿಸಿದೆ?"

ಅವಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು.

"ಪ್ರಾಕ್ಸಿ," ಎಂದಳು. "ಲ್ಯಾಬಿನ್ಯಾಗ ಎಲ್ಲಾರೂ ಮಾಡ್ತಾರ್ರಿ. ಗೌನು, ಟೋಪಿ, ಮಾಸ್ಕು ಹಾಕ್ಕೊಂಡ ಮ್ಯಾಲ ಕಣ್ಣಷ್ಟ ಕಾಣೂದು. ಮ್ಯಾಲ ಆ ಡಬ್ಬಿ ಕಟ್ಟಿದ್ರ ಕಣ್ಣೂ ಇಲ್ಲ. ನಂಬರ್ ಒತ್ತಿ ಕುಂತ್ರ ಆತು. ತಲಿ ತಿರಗವ್ರ ಬದ್ಲಿ ತಿರಗದವ್ರು ಕುಂಡರತಾರ."

"ನಿನ್ನ ಬದಲು ಯಾರು ಕೂತ್ರು?"

"ಅದನ್ನ ಕೇಳಬ್ಯಾಡ್ರಿ."

"ಕೇಳದೆ ಏನ್ ಮಾಡ್ಲಿ? ಆ ರೆಕಾರ್ಡು ನಿನ್ನದಲ್ಲ ಅಂತ ಸಾಬೀತಾದ್ರೆ ನಿನ್ನ ತಲೆ ಮೇಲಿನ ಕತ್ತಿ ಇಳಿಯುತ್ತೆ. ಗೊಂಬೆಯಾಗಿ ಸಾಕ್ಷಿ ಹೇಳಿದ್ದು ನೀನಲ್ಲ ತಾನೇ?"

"ಅಲ್ರಿ. ನಾ ಆ ಖೋಲಿಗೆ ಕಾಲ ಇಟ್ಟಿಲ್ಲ."

"ಹಾಗಾದ್ರೆ ಹೇಳೋಣ!"

"ಬ್ಯಾಡ್ರಿ." ಅವಳು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು. "ಪ್ರಾಕ್ಸಿ ಸುದ್ದಿ ಎಲ್ಲಿಯೂ ಎತ್ತಬ್ಯಾಡ್ರಿ ಅಕ್ಕಾರ. ನನ್ನ ಮ್ಯಾಲಿನ ಆಣಿ. ಕೈ ಮುರದೈತಿ, ಕೂಡತೈತಿ. ಬಿಟ್ಟಬಿಡ್ರಿ."

ನನಗೆ ರೇಗಿತು. ಈ ಹುಡುಗಿಯರ ಭಯ ನೋಡಿ ನೋಡಿ ನನಗೆ ಸಾಕಾಗಿದೆ. ಪ್ರಾಕ್ಸಿ ಎಂದರೆ ಕಂಪನಿಯ ಲೆಕ್ಕದಲ್ಲಿ ಮೋಸ, ನಾಳೆ ಇನ್ನೊಂದು ಕಡೆ ಕೆಲಸ ಸಿಗದೆ ಹೋದೀತು ಎಂದು ಹೆದರಿದ್ದಾಳೆ ಅಂದುಕೊಂಡೆ. ಕೈ ಮುರಿದವರ ಮೇಲೆ ಸಿಟ್ಟಿಲ್ಲ, ಕೆಲಸದ ಚಿಂತೆ! ಆದರೂ ಅವಳ ಮುಖ ನೋಡಿ, ಆಯಿತು, ಎತ್ತುವುದಿಲ್ಲ ಎಂದು ಮಾತು ಕೊಟ್ಟೆ.

ಅಷ್ಟರಲ್ಲಿ ಒಳಕೋಣೆಯಿಂದ ಅಪೂರ್ವಾ ಬಂದಳು. ಮೈಸೂರಿನವಳು, ಸಹನಾಳ ರೂಮ್‌ಮೇಟು, ಅದೇ ಲ್ಯಾಬು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ. ರಾತ್ರಿಯಿಡೀ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

"ಆಂಟಿ, ನೀವು ವಿಜಯವಾಡಕ್ಕೆ ಹೋಗ್ತಾ ಇದೀರಂತೆ. ಹೋಗೋ ಮುಂಚೆ ನಾನೊಂದು ಮಾತು ಹೇಳ್ಬೇಕಿತ್ತು..."

"ಕಂಪನಿ ಬಸ್ ಹೋಕ್ಕೈತಿ ನಿಂದು," ಎಂದು ಸಹನಾ ನಡುವೆ ಬಾಯಿ ಹಾಕಿದಳು. "ನಡೀ ಮೊದಲ."

"ಸಹನಾ, ಪ್ಲೀಸ್ ಕಣೇ..."

"ನಡೀ ಅಂದ್ನಿ!"

ಅಪೂರ್ವಾ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಇಬ್ಬರೂ ಏನೋ ಜಗಳವಾಡಿಕೊಂಡಿದ್ದಾರೆ ಎಂದುಕೊಂಡು ನಾನೂ ಬ್ಯಾಗು ಹೆಗಲಿಗೇರಿಸಿದೆ. ನನಗೆ ರೈಲಿನ ಹೊತ್ತಾಗಿತ್ತು.

*

ವಿಜಯವಾಡದ ಆಟೋನಗರ್ ತಲುಪುವಾಗ ಬಿಸಿಲು ನೆತ್ತಿ ದಾಟಿತ್ತು. ಎತ್ತ ನೋಡಿದರೂ ಬಿಚ್ಚಿಟ್ಟ ಲಾರಿಗಳು, ವೆಲ್ಡಿಂಗ್ ಕಿಡಿ, ಪೇಂಟಿನ ಘಾಟು. ಅವುಗಳ ನಡುವೆ ಒಂದು ಶೆಡ್ಡಿಗೆ ಮಾತ್ರ ಗಾಜಿನ ಬಾಗಿಲು, ಒಳಗೆ ಏಸಿ, ಹೊರಗೆ ‘ದೃಗ್ಲೋಕ’ ಎಂಬ ಬೋರ್ಡು.

ಲಾರಿ ಡ್ರೈವರುಗಳಿಗೆ ಹೆಡ್‌ಸೆಟ್ಟಿನಲ್ಲಿ ಗಾಡಿ ಕಲಿಸಲು ಶುರುವಾದ ಕಂಪನಿ ಅದು. ಈಗ ಕಾರ್ಖಾನೆಗಳಿಗೆ ಸುರಕ್ಷತಾ ತರಬೇತಿ ಮಾಡಿಕೊಡುತ್ತದೆ. ತೀರಜದ ತರಬೇತಿಯೂ ಇವರದ್ದೇ, ಮುಖವಿಲ್ಲದ ಕೊಠಡಿಯೂ ಇವರದ್ದೇ. ಬೀಗ ಮಾಡಿಕೊಟ್ಟವನ ಹತ್ತಿರವೇ ಎಲ್ಲ ಬೀಗದ ಕೈಗಳಿದ್ದವು.

ಮಾಲೀಕ ದಿನಕರನಿಗೆ ಮೂವತ್ತೈದರ ಆಸುಪಾಸು. ಅಪ್ಪ ಕನ್ನಡದ ಬ್ಯಾಂಕ್ ಅಧಿಕಾರಿ, ಇಲ್ಲಿಗೆ ವರ್ಗವಾಗಿ ಬಂದು ಇಲ್ಲೇ ಮನೆ ಕಟ್ಟಿದವರು. ಮಗನ ಕನ್ನಡ ಅಡುಗೆಮನೆ ದಾಟಿ ಬೆಳೆದಿರಲಿಲ್ಲ. ಮಾತಿನ ನಡುವೆ ತೆಲುಗಿನ ಮರ್ಯಾದೆಯ ‘ಅಂಡಿ’, ‘ಗಾರು’ ನುಸುಳುತ್ತಿದ್ದವು.

"ನಮಸ್ಕಾರಂ ಅಂಡಿ. ಕೂತ್ಕೊಳ್ಳಿ, ಕೂತ್ಕೊಳ್ಳಿ. ನಮ್ಮಮ್ಮ ಬಳ್ಳಾರಿ. ಮನೇಲಿ ಕನ್ನಡಾನೇ. ಮಾತು ಸ್ವಲ್ಪ ತಪ್ಪು ಬರುತ್ತೆ, ಏನೂ ಅನ್ಕೋಬೇಡಿ. ಟೀ ತರಿಸ್ಲಾ?"

"ಟೀ ಬೇಡ. ಸಹನಾ ಅನ್ನೋ ಹುಡುಗಿಯ ಪರವಾಗಿ ಬಂದಿದೀನಿ. ಗೊಂಬೆಗೆ ಅವಳ ಹೆಸರು ಇಟ್ಟಿದ್ದು ನೀವೇ ಅಲ್ವಾ?"

ಅವನು ತಪ್ಪಿಸಿಕೊಳ್ಳುತ್ತಾನೆ, ಏನೂ ಗೊತ್ತಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಬದಲಿಗೆ ಅವನ ಮುಖ ಅರಳಿತು.

"ನೀವೇ ನೋಡಿ ಅಂಡಿ, ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ!" ಎಂದವನೇ ನನ್ನ ತಲೆಗೆ ಹೆಡ್‌ಸೆಟ್ ಕಟ್ಟಿಬಿಟ್ಟ.

ಕಣ್ಣೆದುರು ಒಂದು ಪಂಪ್‌ಹೌಸ್ ಬಂತು. ನಾಲ್ಕು ಹೆಜ್ಜೆ ನಡೆದು, ಬಗ್ಗಿ, ಒಂದು ಗಾಲಿ ತಿರುಗಿಸಿ ಎಂದ. ತಿರುಗಿಸಿದೆ. ಬಿಚ್ಚಿದ.

"ಐವತ್ತು ದಾಟಿದೀರಿ," ಎಂದ ಪರದೆ ನೋಡುತ್ತ. "ಎಡ ಮಂಡಿ ನೋವು. ಬಗ್ಗೋವಾಗ ಭಾರ ಎಲ್ಲಾ ಬಲಗಾಲಿಗೆ ಹಾಕ್ತೀರಿ. ಕುತ್ತಿಗೆ ಬಲಕ್ಕೆ ಪೂರ್ತಿ ತಿರುಗಲ್ಲ. ಗೋಡೆ ಮೇಲೆ ಒಂದು ಬೋರ್ಡ್ ಇತ್ತು, ಅದನ್ನ ಎರಡು ಸಲ ಓದಿದಿರಿ, ಕನ್ನಡಕ ಬದಲಾಯಿಸ್ಬೇಕು. ಇನ್ನೊಂದು ಹತ್ತು ವರ್ಷ ಬಿಟ್ಟು ನೀವು ಯಾವ ವೇಷ ಹಾಕ್ಕೊಂಡು ಬಂದ್ರೂ ನಾನು ಕಂಡುಹಿಡೀತೀನಿ."

ನನ್ನ ಮಂಡಿಯ ವಿಷಯ ನಾನು ನನ್ನ ಮಗಳಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಬಿಡು ಎನ್ನುತ್ತಾಳೆ ಎಂದು ಮುಚ್ಚಿಟ್ಟಿದ್ದೆ. ಈ ಅಪರಿಚಿತ ನನ್ನ ಮೈಯನ್ನು ಟೀ ತರಿಸುವಷ್ಟು ಹೊತ್ತಿನಲ್ಲಿ ಓದಿ ಮುಗಿಸಿ ನಗುತ್ತ ಕೂತಿದ್ದ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು.

"ಇದನ್ನೆಲ್ಲ ತೆಗೆದುಕೊಳ್ಳೋಕೆ ನಾನು ಒಪ್ಪಿದ್ನಾ?"

"ಹಾಕ್ಕೊಂಡಿರಲ್ಲ ಅಂಡಿ."

"ಹಾಕಿಸಿದ್ದು ನೀನು!"

"ತೀರಜದಲ್ಲಿ ಎಲ್ಲರ ಹತ್ರಾನೂ ಒಪ್ಪಿಗೆ ತಗೊಂಡಿದೀವಿ. ಮೊದಲ ಪರದೇಲೇ ಬರುತ್ತೆ. ‘ಒಪ್ಪುತ್ತೇನೆ’ ಒತ್ತಿದ್ರೇನೇ ಮುಂದೆ."

"ಒತ್ತದಿದ್ರೆ?"

"ಒತ್ತದಿದ್ರೆ ತರಬೇತಿ ಇಲ್ಲ."

"ತರಬೇತಿ ಇಲ್ಲದಿದ್ರೆ ಗೇಟ್ ಪಾಸ್ ಇಲ್ಲ. ಗೇಟ್ ಪಾಸ್ ಇಲ್ಲದಿದ್ರೆ ಕೆಲಸ ಇಲ್ಲ. ಇದಕ್ಕೆ ಒಪ್ಪಿಗೆ ಅಂತೀಯಾ? ಕತ್ತು ಹಿಡಿದು ತಲೆ ಅಲ್ಲಾಡಿಸೋದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ಅವನು ಮೆತ್ತಗೆ ನಕ್ಕ. "ಬಿಸಿ ಆಗ್ಬೇಡಿ ಅಂಡಿ. ಅದರಲ್ಲಿ ಹೆಸರಿಲ್ಲ, ಫೋಟೋ ಇಲ್ಲ. ಬರೀ ಚುಕ್ಕೆಗಳು. ತಲೆಗೊಂದು, ಕೈಗೊಂದು."

"ಆ ಚುಕ್ಕೆಯಿಂದ ಮನುಷ್ಯರ ಗುರುತು ಸಿಗುತ್ತೋ ಇಲ್ವೋ?"

"ಸಿಗುತ್ತೆ. ಅದೇ ಅಲ್ವಾ ತೋರಿಸಿದ್ದು."

"ಗುರುತು ಸಿಕ್ಕಿತು ಅಂದ್ಮೇಲೆ ಅದು ಅವರ ಖಾಸಗಿ ಮಾಹಿತಿ. ಮಾಹಿತಿ ರಕ್ಷಣೆಯ ಕಾಯ್ದೆ ಹೇಳೋದೇ ಅದನ್ನ. ತರಬೇತಿಗೆ ಅಂತ ತಗೊಂಡದ್ದನ್ನ ತರಬೇತಿಗೆ ಮಾತ್ರ ಬಳಸ್ಬೇಕು. ಸಾಕ್ಷಿ ಹೇಳಿದವರನ್ನ ಬೇಟೆ ಆಡೋಕಲ್ಲ."

"ಕಾಯ್ದೆ ಇದೆ ಅಂಡಿ, ಇಲ್ಲ ಅನ್ನಲ್ಲ. ರೂಲ್ಸೂ ಬಂತು. ಆದ್ರೆ ಪಾಲಿಸೋಕೆ ಟೈಮ್ ಕೊಟ್ಟಿದಾರಲ್ಲ? ಮುಂದಿನ ವರ್ಷದ ತನಕ ನಮ್ಮನ್ನ ಯಾರೂ ಕೇಳೋ ಹಾಗಿಲ್ಲ. ಕೇಳಿದ್ರೂ, ಕಂಪನಿಗೆ ನಷ್ಟ ಆಗದ ಹಾಗೆ ನೋಡ್ಕೊಳ್ಳೋಕೆ ಮಾಲೀಕರು ನೌಕರರ ಮಾಹಿತಿ ಬಳಸ್ಬಹುದು ಅಂತ ಅದರಲ್ಲೇ ಇದೆ. ನಮ್ಮ ಲಾಯರ್ ಗಾರು ಓದಿ ಹೇಳಿದಾರೆ."

ಅವನು ಹೇಳಿದ್ದು ಸುಳ್ಳಲ್ಲ. ನನ್ನ ಸಿಟ್ಟು ಅದಕ್ಕೇ. ಆ ಕಲಮನ್ನು ನಾನೂ ಓದಿದ್ದೇನೆ, ಓದಿ ಪುಸ್ತಕ ಮುಚ್ಚಿಟ್ಟಿದ್ದೇನೆ. ಕಳ್ಳನಿಗೆ ಮನೆ ಗುಡಿಸಿಕೊಳ್ಳಲು ಮುಂಗಡ ತಿಳಿಸಿ, ಕಾಲಾವಕಾಶ ಕೊಟ್ಟು, ಆಮೇಲೆ ಬರುತ್ತೇವೆ ಎನ್ನುವ ಕಾನೂನು ನಮ್ಮದು. ಅಷ್ಟರೊಳಗೆ ಯಾರ ಕೈ ಮುರಿದರೂ ಅದು ಅವರವರ ಹಣೆಬರಹ.

"ಗೊಂಬೆಯನ್ನು ತೋರಿಸು," ಎಂದೆ.

ತೋರಿಸಬಾರದಿತ್ತು. ಆದರೆ ತನ್ನ ಕೆಲಸದ ಮೇಲೆ ಅವನಿಗಿದ್ದ ಜಂಭ ದೊಡ್ಡದು. ಪರದೆಯ ಮೇಲೆ ಬೂದು ಗೊಂಬೆ ಎದ್ದು ನಿಂತಿತು.

ಅದು ಟ್ಯಾಂಕಿನ ಬಳಿ ಬಂತು. ನಟರಾಜ ಇಳಿದ ಬಾಯಿಯ ಅಂಚನ್ನು ಬಲಗೈ ಬೆರಳುಗಳಿಂದ ಮುಟ್ಟಿತು. ಆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡಿತು. ಆ ಗೊಂಬೆಗೆ ಕಣ್ಣೇ ಇರಲಿಲ್ಲ. ಆಮೇಲೆ ಅಲಾರಂನ ಪೆಟ್ಟಿಗೆಯ ಕಡೆ ತಿರುಗಿ, ಸತ್ಯಮೂರ್ತಿ ಕೀ ಹಾಕಿ ತಿರುವಿದ್ದನ್ನು ಮಾಡಿ ತೋರಿಸಿತು.

ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

"ಇಲ್ಲೇ ಅಂಡಿ ಸಿಕ್ಕಿಹಾಕಿಕೊಂಡಿದ್ದು," ಎಂದ ದಿನಕರ ಹುಮ್ಮಸ್ಸಿನಿಂದ. "ಮುಟ್ಟಿ ಕಣ್ಣಿಗೆ ಒತ್ಕೊಳ್ಳೋದು. ಸಹನಾ ತರಬೇತೀಲೂ ಹೀಗೇ. ಪ್ರತಿ ಸಲ ಶುರು ಮಾಡೋವಾಗ ಮೊದಲ ವಾಲ್ವು ಮುಟ್ಟಿ ಕಣ್ಣಿಗೆ ಒತ್ಕೊತಾಳೆ. ಇಲ್ಲದೇ ಇರೋ ವಾಲ್ವಿಗೆ ದಣ್ಣಂ, ನಮಸ್ಕಾರ! ಬೇರೆಯವರೂ ಮಾಡ್ತಾರೆ, ಆದ್ರೆ ಮೊಣಕೈ ಎತ್ತೋ ರೀತಿ, ತಲೆ ಬಗ್ಗಿಸೋ ರೀತಿ ಪಕ್ಕಾ ಇವಳದೇ. ನೂರಕ್ಕೆ ತೊಂಬತ್ತನಾಲ್ಕು. ನಮ್ಮ ಮಷಿನ್ ಸುಳ್ಳು ಹೇಳಲ್ಲ."

ಸಹನಾ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೇ! ಶ್ರಾವಣದಲ್ಲಿ ಇಬ್ಬರು ಹುಡುಗಿಯರನ್ನೂ ನಾನು ಸಿಂಹಾಚಲದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಸಹನಾ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ, ನೀವು ಹೋಗಿ ಬರ್ರಿ, ನಂಗೂ ದೇವರಿಗೂ ಅಷ್ಟಕ್ಕಷ್ಟ, ಎಂದು ನಕ್ಕಿದ್ದಳು. ನನ್ನ ಜೊತೆ ಒಳಗೆ ಬಂದವಳು ಅಪೂರ್ವಾ. ಹೊಸ್ತಿಲು, ಕಂಬ, ಹುಂಡಿ ಒಂದನ್ನೂ ಬಿಡದೆ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದಿದ್ದಳು.

ಇಷ್ಟು ಕಣ್ಣೆದುರಿಗೆ ಬಂದರೂ ನಾನು ಒಂದೇ ಒಂದು ಹೆಜ್ಜೆ ಮುಂದೆ ಯೋಚಿಸಲಿಲ್ಲ. ಸಹನಾ ಅಲ್ಲ ಎಂಬುದಷ್ಟೇ ನನ್ನ ತಲೆ ತುಂಬ ಕೂತಿತ್ತು. ಸಿಟ್ಟು ಬಂದಾಗ ನಾನು ಇಂಥವಳೇ.

"ಆ ಹುಡುಗಿಗೆ ಏನಾಯ್ತು ಗೊತ್ತಾ ನಿನಗೆ?"

"ಕೆಲಸದಿಂದ ತೆಗೆದ್ರು ಅಂತ..."

"ರಸ್ತೆ ಮೇಲೆ ಒದ್ದು ಬೀಳಿಸಿದ್ರು. ಬಲಗೈ ಎರಡು ಕಡೆ ಮುರಿದಿದೆ. ಇನ್ನೊಂದು ಸಲ ಬಂದ್ರೆ ಕೈಗೇ ನಿಲ್ಲಿಸಲ್ಲ ಅಂತ ಹೇಳಿ ಹೋಗಿದಾರೆ. ತಲೆ ಬಾಚೋಕೆ ಆಗಲ್ಲ ಅವಳಿಗೆ, ನಾನು ಬಾಚ್ತೀನಿ. ನಿನ್ನ ತೊಂಬತ್ತನಾಲ್ಕು ಮಾಡಿದ ಕೆಲಸ ಇದು!"

ದಿನಕರ ಪರದೆಯಿಂದ ಕಣ್ಣು ತೆಗೆದ. ಅವನ ಬಣ್ಣ ಇಳಿಯಿತು.

"ನಿಜಂಗಾ ನನಗೆ ಗೊತ್ತಿಲ್ಲ ಅಂಡಿ. ಸತ್ಯಮೂರ್ತಿ ಗಾರು ಕೇಳಿದ್ರು, ಯಾರೋ ಸುಳ್ಳು ಸಾಕ್ಷಿ ಹೇಳಿ ಕಂಪನಿ ಹೆಸರು ಹಾಳು ಮಾಡ್ತಿದಾರೆ ಅಂತ..."

"ಕೇಳಿದ್ರೆ ಕೊಟ್ಟುಬಿಡ್ತೀಯಾ?"

"ಅವರು ನಮ್ಮ ಕ್ಲೈಂಟ್." ಮತ್ತೆ ಸ್ವಲ್ಪ ಧೈರ್ಯ ತಂದುಕೊಂಡ. "ಪೆಟ್ಟು ಬಿದ್ದಿದ್ದು ತಪ್ಪು, ನಾನೂ ಒಪ್ತೀನಿ. ಆದ್ರೆ ಆ ಹುಡುಗಿ ಯಾಕೆ ಹೋಗಿ ಹೇಳ್ಬೇಕಿತ್ತು? ಹೇಳಿದ್ಮೇಲೆ ಅನುಭವಿಸ್ಬೇಕು ಅಲ್ವಾ? ಕೈ ಅವಳದೇ. ಅದರಲ್ಲಿ ಅನುಮಾನ ಇಲ್ಲ."

ಅಷ್ಟು ಸಾಕಾಯಿತು ನನಗೆ. ಎದ್ದು ಮೇಜು ಗುದ್ದಿದೆ. ಬೇಡವೆಂದರೂ ಟೀ ತಂದಿದ್ದ ಹೆಂಗಸು ಬಾಗಿಲಲ್ಲೇ ನಿಂತಳು.

"ಕೈ ಅವಳದಲ್ಲ ಕಣಯ್ಯಾ! ನಿನ್ನ ಡಬ್ಬ ಹಾಕ್ಕೊಂಡ್ರೆ ಆ ಹುಡುಗಿ ವಾಂತಿ ಮಾಡ್ಕೊತಾಳೆ. ಒಂದು ಪಾಠಾನೂ ಅವಳು ಕೂತಿಲ್ಲ. ಅವಳ ನಂಬರ್ ಒತ್ತಿ ಇನ್ಯಾರೋ ಕೂತಿದಾರೆ. ನಿನ್ನ ಹತ್ರ ಸಹನಾ ಅಂತ ಇರೋದು ಬೇರೆ ಯಾರದೋ ಕೈ, ಬೇರೆ ಯಾರದೋ ಕತ್ತು. ಮಷಿನ್ ಸುಳ್ಳು ಹೇಳಲ್ಲವಂತೆ! ಒಬ್ಬ ನಿರಪರಾಧಿ ಹುಡುಗಿಯ ಕೈ ಮುರಿಸಿದ ಮಷಿನ್ ಇದು!"

ಬಾಯಿಂದ ಬಿದ್ದಾಗಿತ್ತು. ಕೊಟ್ಟ ಮಾತು ಒಂದು ಕ್ಷಣ ಚುಚ್ಚಿತು. ಇರಲಿ, ಅವಳ ಒಳ್ಳೆಯದಕ್ಕೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ.

ದಿನಕರ ಬೆವರತೊಡಗಿದ. ಏಸಿ ಓಡುತ್ತಲೇ ಇತ್ತು.

"ಪ್ರಾಕ್ಸಿನಾ? ಅಮ್ಮೋ... ನಾವು ಅದನ್ನ ನೋಡೋದೇ ಇಲ್ಲ ಅಂಡಿ. ನಂಬರ್ ಬಂದ್ರೆ ಅವರೇ ಅಂತ..."

"ಈಗಲೇ ಸತ್ಯಮೂರ್ತಿಗೆ ಬರಿ. ಸಹನಾ ಅಲ್ಲ ಅಂತ ಬರಿ."

"ಈಗಲೇನಾ? ಸ್ವಲ್ಪ ಯೋಚನೆ ಮಾಡಿ..."

"ಅವಳ ಕೈ ಮುರಿಸೋವಾಗ ಯೋಚನೆ ಮಾಡಿದ್ಯಾ? ಬರಿ! ಇಲ್ದಿದ್ರೆ ಇಲ್ಲಿಂದ ನೇರ ಪೊಲೀಸ್ ಕಮಿಷನರ್ ಆಫೀಸಿಗೆ. ಹಲ್ಲೆಗೆ ಸಹಾಯ ಮಾಡಿದವನು ಅಂತ ನಿನ್ನ ಹೆಸರೇ ಮೊದಲು. ಅದಕ್ಕೆ ಯಾವ ಕಾಯ್ದೆಯೂ ಮುಂದಿನ ವರ್ಷದ ತನಕ ಟೈಮ್ ಕೊಟ್ಟಿಲ್ಲ."

ಅವನು ಬರೆದ. ನಾನು ಹಿಂದೆ ನಿಂತು ಒಂದೊಂದು ಸಾಲೂ ಓದಿದೆ. ಸಹನಾ ಆ ವ್ಯಕ್ತಿ ಅಲ್ಲ, ಅವಳ ನಂಬರಿನಲ್ಲಿ ತರಬೇತಿಗೆ ಕೂತವರು ಬೇರೆ, ತಾನು ಕೊಟ್ಟ ಹೆಸರು ತಪ್ಪು. ಕೊನೆಯ ವಾಕ್ಯವನ್ನು ನಾನೇ ಹೇಳಿ ಬರೆಸಿದೆ. ಕಳಿಸು ಎಂದೆ, ಕಳಿಸಿದ.

ಕುರ್ಚಿಗೆ ಒರಗಿ ಕೂತೆ. ಎಷ್ಟೋ ವಾರಗಳ ಮೇಲೆ ಎದೆ ಹಗುರಾಗಿತ್ತು. ಇನ್ನು ಆ ಹುಡುಗಿಯ ತಂಟೆಗೆ ಯಾರೂ ಬರುವುದಿಲ್ಲ. ಹೆಂಗಸು ಇಟ್ಟುಹೋದ ಟೀಯನ್ನೂ ಎತ್ತಿಕೊಂಡೆ.

ಅರ್ಧ ಲೋಟ ಮುಗಿಯುವುದರೊಳಗೆ ದಿನಕರನ ಫೋನು ಹೊಡೆದುಕೊಂಡಿತು. ಸತ್ಯಮೂರ್ತಿ. ಸ್ಪೀಕರಿಗೆ ಹಾಕು ಎಂದು ಕೈಸನ್ನೆ ಮಾಡಿದೆ.

ಅವನು ಮಾತಾಡಿದ್ದು ತೆಲುಗಿನಲ್ಲಿ. ಕೂಗಾಡಲಿಲ್ಲ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡವನ ನೆಮ್ಮದಿಯ ದನಿ.

"ದಿನಕರ್, ಮೆಸೇಜ್ ನೋಡಿದೆ. ಸಹನಾ ಕೂತಿಲ್ಲ, ಅವಳ ಬದಲು ಇನ್ನೊಬ್ಬಳು ಕೂತಿದ್ದಾಳೆ. ಹಾಗಾದರೆ ಗೊಂಬೆಯ ಕೈಯೂ ಆ ಇನ್ನೊಬ್ಬಳದೇ, ಅಲ್ಲವೇ?"

ದಿನಕರ ನನ್ನ ಮುಖ ನೋಡಿದ. ನನ್ನ ಕೈಯಲ್ಲಿನ ಲೋಟ ಹಾಗೇ ನಿಂತಿತು.

"ಅವತ್ತು ನೀನೇ ಹೇಳಿದ್ದೆ ನೆನಪಿದೆಯಾ? ಎರಡನೆಯ ಹೆಸರೊಂದು ಬರುತ್ತಿದೆ, ತೊಂಬತ್ತಮೂರು, ಅವಳ ರೂಮ್‌ಮೇಟು. ಒಟ್ಟಿಗಿದ್ದು ಇದ್ದು ಇಬ್ಬರ ಕೈಬೀಸೂ ಒಂದೇ ಥರ ಆಗಿರಬೇಕು, ಬಿಟ್ಟುಬಿಡಿ ಎಂದೆ ನೀನು. ನಾನೂ ಬಿಟ್ಟೆ. ಆ ಹುಡುಗಿ ಈ ಹೊತ್ತು ಶಿಫ್ಟಿನಲ್ಲೇ ಇದ್ದಾಳೆ." ಫೋನಿನಿಂದ ಬಾಯಿ ದೂರ ಸರಿಸಿ ಅವನು ಯಾರಿಗೋ ಹೇಳಿದ್ದೂ ಕೇಳಿಸಿತು. "ಲ್ಯಾಬಿನಿಂದ ಅಪೂರ್ವಾನ ಕರೀರಿ. ಟ್ಯಾಂಕಿನ ಹತ್ತಿರ ಸ್ಯಾಂಪಲ್ ತೆಗೆಯಬೇಕು ಅನ್ನಿ. ಒಬ್ಬಳೇ ಬರಲಿ."

ಫೋನು ಕಟ್ಟಾಯಿತು.

ದಿನಕರ ಪರದೆಯನ್ನು ಕೆಳಕ್ಕೆ ಸರಿಸಿದ. ಸಹನಾಳ ಹೆಸರಿನ ಕೆಳಗೆ ಇನ್ನೊಂದು ಹೆಸರು ಅಷ್ಟು ದಿನದಿಂದಲೂ ಕೂತಿತ್ತು. ಅಪೂರ್ವಾ ತನ್ನ ನಂಬರಿನಲ್ಲೂ ಕೂತಿದ್ದಳು, ಸಹನಾಳ ನಂಬರಿನಲ್ಲೂ ಕೂತಿದ್ದಳು. ಒಂದೇ ಮೈ, ಎರಡು ಹೆಸರು. ಸಹನಾ ಸುಮ್ಮನಿದ್ದಷ್ಟು ದಿನ ಎರಡನೆಯದನ್ನು ಯಾರೂ ನೋಡಿರಲಿಲ್ಲ. ನೋಡುವ ಹಾಗೆ ಮಾಡಿದ್ದು ನಾನು, ಮೇಜು ಗುದ್ದಿ, ಸಾಲು ಸಾಲಾಗಿ ಬರೆಸಿ.

ಭಯದಿಂದ ಸುಮ್ಮನಿದ್ದಾಳೆ ಅಂದುಕೊಂಡಿದ್ದೆನಲ್ಲ ಆ ಹುಡುಗಿಯನ್ನು! ನನ್ನ ಕಾನೂನು ಪದವಿಗೆ, ನನ್ನ ವಯಸ್ಸಿಗೆ ಬೆಂಕಿ ಬೀಳಲಿ ಎನಿಸಿತು.

"ತಿರುಗಿ ಅವನಿಗೆ ಫೋನ್ ಮಾಡು! ಮಷಿನ್ನೇ ಕೆಟ್ಟಿದೆ ಅನ್ನು, ಎಲ್ಲ ಸುಳ್ಳು ಅನ್ನು!"

ದಿನಕರ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ.

ನಾನು ಅಪೂರ್ವಾಳ ನಂಬರು ಒತ್ತಿದೆ. ಸ್ವಿಚ್ ಆಫ್. ಆ ಕಾರ್ಖಾನೆಯಲ್ಲಿ ಎಲ್ಲರೂ ಫೋನು ಆರಿಸಿ ಗೇಟಿನಲ್ಲಿ ಕೊಟ್ಟೇ ಒಳಗೆ ಹೋಗಬೇಕು. ನೂರು ಒತ್ತಿದರೆ ವಿಜಯವಾಡದ ಪೊಲೀಸರು ಬಂದರು ಲೈನಿಗೆ, ವಿಶಾಖಪಟ್ಟಣದ ವಿಷಯ ಅಲ್ಲಿಗೇ ಹೇಳಿ ಎಂದರು. ದಿನಕರನ ಕೈಗೆ ಇನ್ನೊಂದು ಫೋನು ತುರುಕಿ, ಅಲ್ಲಿನ ಠಾಣೆ ಹಿಡಿ, ಹಿಡಿಯೋ ತನಕ ಬಿಡಬೇಡ ಎಂದು ಕಿರುಚಿದೆ.

ಆಮೇಲೆ ಸಹನಾಳಿಗೆ ಫೋನ್ ಮಾಡಿದೆ. ಮಾಡಲು ನನಗೆ ಮುಖವಿರಲಿಲ್ಲ, ಆದರೂ ಮಾಡಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಆ ಕಡೆ ಕೆಳಗಿನ ರಸ್ತೆಯ ಆಟೋಗಳ ಸದ್ದು ಕೇಳಿಸುತ್ತಿತ್ತು.

"ಪ್ರಾಕ್ಸಿ ಸುದ್ದಿ ಎತ್ತಬ್ಯಾಡ್ರಿ ಅಂದಿದ್ನೆಲ್ರಿ ಅಕ್ಕಾರ," ಎಂದಳು. ದನಿ ಏರಲಿಲ್ಲ. "ಆಣಿ ಇಟ್ಟಿದ್ನೆಲ್ರಿ."

"ಸಹನಾ, ನನ್ನಿಂದ ತಪ್ಪಾಯ್ತು, ನಾನು..."

"ಅಕಿ ಹೆಸರು ಬರಬಾರ್ದಂತನ ನಾ ಕೈ ಮುರಸ್ಕೊಂಡು ಸುಮ್ನ ಕುಂತಿದ್ನಿ. ಮುಂಜಾನಿ ನಿಮ್ಮ ಮುಂದ ಎಲ್ಲಾ ಹೇಳಾಕ ಬಂದಿದ್ಲು ಅಕಿ. ನಾನ ಬಾಯಿ ಮುಚ್ಚಿಸಿ ಕಳಿಸಿನಿ."

"ಈಗ ಬೈಯಬೇಡ ಕಣೇ, ಆಮೇಲೆ ಎಷ್ಟು ಬೇಕಾದ್ರೂ ಬೈ. ಆ ಗೇಟಿನವರ ನಂಬರ್ ಇದ್ರೆ ಹೇಳು..."

ಬಾಗಿಲ ಚಿಲಕ ತೆಗೆದ ಸದ್ದು. ಚಪ್ಪಲಿಯ ಸದ್ದು. ಅವಳು ಮೆಟ್ಟಿಲು ಇಳಿಯುತ್ತಿದ್ದಳು.

"ಎಲ್ಲಿಗೆ ಹೋಗ್ತಿದೀಯಾ? ಸಹನಾ! ನೀನು ಮನೇಲೇ ಇರು!"

"ಗೇಟಿಗೆ ಹೊಂಟೇನ್ರಿ." ಅವಳು ಯಾವುದೋ ಆಟೋದವನಿಗೆ ತೆಲುಗಿನಲ್ಲಿ ಕಂಪನಿಯ ಹೆಸರು ಕೂಗಿ ಹೇಳಿದಳು. ಮತ್ತೆ ಫೋನಿಗೆ ಬಂದಳು. "ನೀವು ಕಳಿಸಿದ ಮೆಸೇಜ್ ಸುಳ್ಳಂತೀನಿ. ಆ ಗೊಂಬಿ ನಾನ, ಸಾಕ್ಷಿ ಹೇಳಿದಾಕಿ ನಾನ, ಇನ್ನೂ ಹೇಳೂದೈತಿ ಅಂತೀನಿ. ಅಕೀನ ಬಿಟ್ಟು ನನ್ನ ಒಳಗ ಕರೀಲಿ."

"ಬೇಡ! ಅವನು ನಿನ್ನನ್ನ..."

ಫೋನು ಇಟ್ಟಳು. ನಾನು ತಿರುಗಿ ಮಾಡಿದೆ, ಮತ್ತೆ ಮಾಡಿದೆ. ಗೇಟು ತಲುಪಿ ಫೋನು ಆರಿಸಿ ಅವರ ಕೈಗೆ ಕೊಡುವ ತನಕ ಅದು ಹೊಡೆದುಕೊಳ್ಳುತ್ತಲೇ ಇತ್ತು. ಆಮೇಲೆ ಅದೂ ನಿಂತಿತು.